ಮನೆಯ ಲ್ಯಾಪ್‌ಟಾಪಿಗೆ ಯಾವ ಆಪರೇಟಿಂಗ್ ಸಿಸ್ಟಮ್?

ಲ್ಯಾಪ್‌ಟಾಪಿನ ಗುಂಡಿ ಒತ್ತಿದಾಗ ಮೊದಲು ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಚಿಪ್ಪೊಂದರಲ್ಲಿ ಕೂತಿರುವ ಫರ್ಮ್‌ವೇರ್. ಮೆಮೊರಿ, ಡಿಸ್ಕ್, ಕೀಲಿಮಣೆ ಎಲ್ಲವೂ ಸರಿಯಿವೆಯೇ ಎಂದು ನೋಡಿಕೊಂಡು ಅದು ಬೂಟ್‌ಲೋಡರನ್ನು ಕರೆಯುತ್ತದೆ. ಬೂಟ್‌ಲೋಡರ್ ಡಿಸ್ಕಿನಿಂದ ಕರ್ನೆಲನ್ನು ಮೆಮೊರಿಗೆ ತಂದು ಯಂತ್ರದ ಯಜಮಾನಿಕೆಯನ್ನು ಅದರ ಕೈಗೆ ಒಪ್ಪಿಸುತ್ತದೆ. ಆಪರೇಟಿಂಗ್ ಸಿಸ್ಟಮ್ಮಿನ ತಿರುಳು ಈ ಕರ್ನೆಲ್. ಸುವರ್ಣಾವತಿ ನೀರು ಹರಿಯುವ ಮಾಂಬಳ್ಳಿ, ಯಳಂದೂರು ಕಡೆಯ ಗದ್ದೆ ಬಯಲಿನಲ್ಲಿ ನೀರುಗಂಟಿ ಯಾರ ಗದ್ದೆಗೆ ಯಾವಾಗ, ಎಷ್ಟು ಹೊತ್ತು ನೀರು ಎಂದು ತೂಬು ತೆಗೆದು ಮುಚ್ಚುವಂತೆ, ಕರ್ನೆಲ್ ಪ್ರೊಸೆಸರಿನ ಸಮಯವನ್ನು ಸೆಕೆಂಡಿನ ಸಾವಿರದ ಕೆಲವೇ ಭಾಗಗಳ ಸರದಿಗಳಾಗಿ ಕತ್ತರಿಸಿ ಪ್ರೋಗ್ರಾಮುಗಳಿಗೆ ಹಂಚುತ್ತದೆ. ಒಂದರ ಮೆಮೊರಿಗೆ ಇನ್ನೊಂದು ಕೈಹಾಕದಂತೆ ಕಾಯುತ್ತದೆ. ವೈಫೈ, ಪ್ರಿಂಟರ್, ಕ್ಯಾಮೆರಾಗಳೊಂದಿಗೆ ಮಾತಾಡಲು ಅದಕ್ಕೆ ಡ್ರೈವರ್ ಎಂಬ ಸಣ್ಣ ತಂತ್ರಾಂಶಗಳು ಬೇಕು. ಹೊಸ ಸಿಸ್ಟಮ್ ಹಾಕಿದ ಮೇಲೆ ‘ಪ್ರಿಂಟರ್ ಕೆಲಸ ಮಾಡುತ್ತಿಲ್ಲ’ ಎಂಬ ದೂರು ಬಂದರೆ, ಅದರ ಮೂಲ ಹೆಚ್ಚಿನ ಸಲ ಡ್ರೈವರ್ ಇಲ್ಲದಿರುವುದೇ ಆಗಿರುತ್ತದೆ.

ಮನೆ ಬಳಕೆಗೆ ಇಂದು ಸಿಗುವ ಸಿಸ್ಟಮ್‌ಗಳು ಮುಖ್ಯವಾಗಿ ನಾಲ್ಕು: ಮೈಕ್ರೋಸಾಫ್ಟ್‌ನ ವಿಂಡೋಸ್, ಆ್ಯಪಲ್‌ನ ಮ್ಯಾಕ್‌ಓಎಸ್, ಗೂಗಲ್‌ನ ಕ್ರೋಮ್‌ಓಎಸ್ ಮತ್ತು ಲಿನಕ್ಸ್. ಮ್ಯಾಕ್‌ಓಎಸ್ ಬೇಕೆಂದರೆ ಆ್ಯಪಲ್‌ನ ಯಂತ್ರವನ್ನೇ ಕೊಳ್ಳಬೇಕು, ಹಾಗಾಗಿ ಅದರ ಆಯ್ಕೆ ಹಣದ ಪ್ರಶ್ನೆಯಲ್ಲೇ ಮುಗಿಯುತ್ತದೆ. ಕ್ರೋಮ್‌ಓಎಸ್ ಬರುವುದು ಕ್ರೋಮ್‌ಬುಕ್‌ಗಳಲ್ಲಿ. ಹಗುರ, ಸರಳ, ಆದರೆ ಅದರ ಬಹುಪಾಲು ಕೆಲಸ ಇಂಟರ್ನೆಟ್ ಇದೆ ಎಂಬ ಭರವಸೆಯ ಮೇಲೆ ನಿಂತಿದೆ. ಬಿಳಿಗಿರಿರಂಗನ ಬೆಟ್ಟದ ಹಾಡಿಗಳಲ್ಲೋ ಹನೂರಿನಾಚೆಯ ಕಾಡಂಚಿನ ಊರುಗಳಲ್ಲೋ ಆ ಭರವಸೆ ಇಡಲಾಗದು. ಹೀಗಾಗಿ ಇಂಥ ಊರುಗಳ ಹೆಚ್ಚಿನ ಮನೆಗಳಲ್ಲಿ ನಿಜವಾದ ಆಯ್ಕೆ ಇರುವುದು ವಿಂಡೋಸ್ ಮತ್ತು ಲಿನಕ್ಸ್ ನಡುವೆ.

ಆ ಆಯ್ಕೆಯಲ್ಲಿ ಮೊದಲು ನೋಡಬೇಕಾದುದು ಅಂದವನ್ನಲ್ಲ, ಒಂದು ತಾರೀಖನ್ನು. ಪ್ರತಿ ಆಪರೇಟಿಂಗ್ ಸಿಸ್ಟಮ್ಮಿನಲ್ಲೂ ಭದ್ರತೆಯ ಬಿರುಕುಗಳು ಕಾಣಿಸಿಕೊಳ್ಳುತ್ತಲೇ ಇರುತ್ತವೆ. ತಯಾರಕರು ಅಪ್‌ಡೇಟ್ ಕಳಿಸಿ ಅವನ್ನು ಮುಚ್ಚುತ್ತಾರೆ. ಅಪ್‌ಡೇಟ್ ನಿಂತ ದಿನದಿಂದ ಹೊಸ ಬಿರುಕುಗಳು ತೆರೆದೇ ಉಳಿಯುತ್ತವೆ. 2015ರ ಜುಲೈನಲ್ಲಿ ಬಂದ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮನೆ ಬಳಕೆದಾರರು ನೋಂದಾಯಿಸಿಕೊಂಡರೆ ಸಿಗುವ ಹೆಚ್ಚುವರಿ ಭದ್ರತಾ ಅಪ್‌ಡೇಟಿಗೆ ಆಗ ಇಟ್ಟ ಗಡುವು 2026ರ ಅಕ್ಟೋಬರ್. ಬೆಂಬಲ ನಿಂತ ಸಿಸ್ಟಮ್ಮನ್ನು ಬ್ರೌಸರ್‌ಗಳೂ ಒಂದೊಂದಾಗಿ ಕೈಬಿಡುತ್ತವೆ. ವಿಂಡೋಸ್ 7ರ ಬೆಂಬಲ 2020ರ ಜನವರಿಯಲ್ಲಿ ನಿಂತಿತು, ಮೂರು ವರ್ಷದ ನಂತರ ಕ್ರೋಮ್ ಅದರ ಮೇಲೆ ಹೊಸ ಆವೃತ್ತಿಗಳನ್ನು ಕೊಡುವುದನ್ನು ನಿಲ್ಲಿಸಿತು.

ವಿಂಡೋಸ್ 11ಕ್ಕೆ ಏರುವುದು ಎಲ್ಲ ಯಂತ್ರಗಳಿಗೂ ಸಾಧ್ಯವಿಲ್ಲ. ಅದು ಕನಿಷ್ಠ 4 ಜಿಬಿ ಮೆಮೊರಿ, 64 ಜಿಬಿ ಡಿಸ್ಕ್ ಜಾಗ, ಸೆಕ್ಯೂರ್ ಬೂಟ್ ಮತ್ತು ಗುಟ್ಟಿನ ಕೀಲಿಗಳನ್ನು ಜೋಪಾನ ಮಾಡುವ ಟಿಪಿಎಂ 2.0 ಭದ್ರತಾ ವ್ಯವಸ್ಥೆಯನ್ನು ಕೇಳುತ್ತದೆ. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ 8ನೇ ತಲೆಮಾರು ಅಥವಾ ಅದರಿಂದೀಚಿನದು ಇರಬೇಕು. ಸುಮಾರು 2017ಕ್ಕಿಂತ ಹಿಂದೆ ಕೊಂಡ ಬಹುತೇಕ ಲ್ಯಾಪ್‌ಟಾಪುಗಳು, ಪರದೆಯೂ ಕೀಲಿಮಣೆಯೂ ಗಟ್ಟಿಯಾಗಿದ್ದರೂ, ಇದರಿಂದ ಹೊರಗುಳಿಯುತ್ತವೆ. ಇಂಥ ಯಂತ್ರವನ್ನು ಗುಜರಿಗೆ ಹಾಕುವುದು ದೊಡ್ಡ ನಷ್ಟ, ಅದಕ್ಕೆ ಇನ್ನೊಂದು ಆಯಸ್ಸು ಕೊಡುವುದು ಲಿನಕ್ಸ್.

ಲಿನಕ್ಸ್ ಕರ್ನೆಲನ್ನು 1991ರಲ್ಲಿ ಬರೆಯತೊಡಗಿದವರು ಹೆಲ್ಸಿಂಕಿಯಲ್ಲಿ ಓದುತ್ತಿದ್ದ ಲಿನಸ್ ಟೋರ್ವಾಲ್ಡ್ಸ್. ಅದರ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಬಹುದು, ತಿದ್ದಬಹುದು, ಹಂಚಬಹುದು. ಹಾಗಾಗಿ ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್, ಫೆಡೋರಾ ಎಂದು ಹಲವು ರೂಪಗಳು ಹುಟ್ಟಿಕೊಂಡಿವೆ. ಭಾರತದಲ್ಲೇ ಸಿ-ಡ್ಯಾಕ್ ರೂಪಿಸಿದ ಬಾಸ್ ಲಿನಕ್ಸ್ ಕೂಡ ಒಂದಿದೆ. ವಿಂಡೋಸ್ ಅಭ್ಯಾಸವಾದವರಿಗೆ ಲಿನಕ್ಸ್ ಮಿಂಟ್ ಸುಲಭ. ಎಡಗಡೆ ಕೆಳಗೆ ಮೆನು, ಬಲಗಡೆ ಗಡಿಯಾರ, ಎಲ್ಲವೂ ಪರಿಚಿತ ಜಾಗದಲ್ಲೇ ಸಿಗುತ್ತವೆ. ಅದರ 22ನೇ ಆವೃತ್ತಿಗೆ 2029ರವರೆಗೆ ಅಪ್‌ಡೇಟ್ ಇದೆ, 4 ಜಿಬಿ ಮೆಮೊರಿಯಿದ್ದರೆ ನೆಮ್ಮದಿಯಾಗಿ ನಡೆಯುತ್ತದೆ. ಒಂದು ಮಾತನ್ನು ಇಲ್ಲಿ ಸೇರಿಸಬೇಕು: ಹಳೆಯ ಲ್ಯಾಪ್‌ಟಾಪ್ ಏದುಸಿರು ಬಿಡುವುದಕ್ಕೆ ಹಲವು ಸಲ ಕಾರಣ ಸಿಸ್ಟಮ್ ಅಲ್ಲ, ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಅದನ್ನು ತೆಗೆದು ಎಸ್‌ಎಸ್‌ಡಿ ಹಾಕಿಸಿದರೆ ಯಾವ ಸಿಸ್ಟಮ್ ಇದ್ದರೂ ಯಂತ್ರ ಚುರುಕಾಗುತ್ತದೆ.

ಕನ್ನಡ ಓದುವ, ಬರೆಯುವ ಮನೆಗೆ ಎರಡನೆಯ ಪರೀಕ್ಷೆ ಕನ್ನಡದ್ದೇ. ಕಂಪ್ಯೂಟರ್ ಅಕ್ಷರಗಳನ್ನು ಅಂಕಿಗಳಾಗಿ ಇಟ್ಟುಕೊಳ್ಳುತ್ತದೆ. ‘ಮಾಂಬಳ್ಳಿ’ ಎಂಬುದು ಕಣ್ಣಿಗೆ ಮೂರೇ ಅಕ್ಷರ, ಆದರೆ ಯೂನಿಕೋಡ್ ಲೆಕ್ಕದಲ್ಲಿ ಎಂಟು ಸಂಕೇತಗಳು: ಮಕಾರ, ಆಕಾರದ ಚಿಹ್ನೆ, ಅನುಸ್ವಾರ, ಬಕಾರ, ಳಕಾರ, ಹಲಂತದ ಚಿಹ್ನೆ, ಮತ್ತೊಂದು ಳಕಾರ, ಇಕಾರದ ಚಿಹ್ನೆ. ಈ ಎಂಟನ್ನು ಸಾಲಾಗಿ ಓದಿ, ಎರಡನೆಯ ಳಕಾರವನ್ನು ಒತ್ತಾಗಿ ಕೆಳಗಿಳಿಸಿ, ಇಕಾರದ ಗುಡಿಸನ್ನು ಮೇಲಿನ ಅಕ್ಷರಕ್ಕೆ ಕೂಡಿಸಿ ಪರದೆಯ ಮೇಲೆ ಸರಿಯಾಗಿ ಮೂಡಿಸುವುದು ಆಕಾರ ಜೋಡಿಸುವ ಒಂದು ತಂತ್ರಾಂಶ. ವಿಂಡೋಸ್‌ಗೆ ತನ್ನದೇ ಆದದ್ದು ಇದೆ, ಆ್ಯಪಲ್‌ಗೂ ಇದೆ. ಲಿನಕ್ಸ್ ಮತ್ತು ಆ್ಯಂಡ್ರಾಯ್ಡ್ ಎರಡೂ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವನ್ನು ಬಳಸುತ್ತವೆ. ಎರಡು ದಶಕದ ಹಿಂದೆ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗುತ್ತಿದ್ದ ಕಾಲವಿತ್ತು. ಇಂದು ನಾಲ್ಕೂ ಸಿಸ್ಟಮ್‌ಗಳು ಕನ್ನಡವನ್ನು ಚೆನ್ನಾಗಿ ತೋರಿಸುತ್ತವೆ.

ಬರೆಯುವ ವಿಷಯಕ್ಕೂ ಅಡ್ಡಿ ಇಲ್ಲ. ವಿಂಡೋಸ್‌ನಲ್ಲಿ ಇನ್‌ಸ್ಕ್ರಿಪ್ಟ್ ಕೀಲಿಮಣೆ ಮೊದಲಿನಿಂದ ಇದೆ, 2019ರಲ್ಲಿ ಉಚ್ಚಾರಣೆ ಆಧಾರಿತ ಕನ್ನಡ ಕೀಲಿಮಣೆಯೂ ಸೇರಿತು. ಕೆ.ಪಿ. ರಾವ್ ರೂಪಿಸಿದ, ನುಡಿ ತಂತ್ರಾಂಶದ ಮೂಲಕ ಎಲ್ಲೆಡೆ ಬಳಕೆಗೆ ಬಂದ ವಿನ್ಯಾಸ ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಿನಲ್ಲೇ ಇದೆ. ಕಗಪ ಎಂದರೆ ಕನ್ನಡ ಗಣಕ ಪರಿಷತ್ತು. ಏನನ್ನೂ ಕೊಳ್ಳದೆ ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಸಾಕು.

ತೊಡಕು ಇರುವುದು ಹಳೆಯ ಕಡತಗಳಲ್ಲಿ. ಯೂನಿಕೋಡ್ ಬಳಕೆಗೆ ಬರುವ ಮೊದಲು ನುಡಿ, ಬರಹ, ಶ್ರೀಲಿಪಿಯಂಥ ತಂತ್ರಾಂಶಗಳು ಇಂಗ್ಲಿಷ್ ಅಕ್ಷರಗಳಿಗೂ ಚಿಹ್ನೆಗಳಿಗೂ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳನ್ನು ಬಳಸುತ್ತಿದ್ದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಇಡೀ ಕಡತ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ. ಲಗ್ನಪತ್ರಿಕೆ, ಕರಪತ್ರಗಳನ್ನು ಮಾಡುವ ಡಿಟಿಪಿ ಕೆಲಸ ಇಂದಿಗೂ ಬಹುಮಟ್ಟಿಗೆ ಇದೇ ಫಾಂಟುಗಳ ಮೇಲೆ, ಪೇಜ್‌ಮೇಕರ್ ಅಥವಾ ಕೋರೆಲ್‌ಡ್ರಾದಲ್ಲಿ ನಡೆಯುತ್ತದೆ. ಇವು ಲಿನಕ್ಸ್‌ನಲ್ಲಿ ನೇರವಾಗಿ ನಡೆಯುವುದಿಲ್ಲ. ಮನೆಯಲ್ಲಿ ಡಿಟಿಪಿ ಮಾಡುವವರಿದ್ದರೆ, ಟ್ಯಾಲಿಯಲ್ಲಿ ಅಂಗಡಿ ಲೆಕ್ಕ ಬರೆಯುವವರಿದ್ದರೆ, ಅಥವಾ ಮಕ್ಕಳ ಆನ್‌ಲೈನ್ ಪರೀಕ್ಷೆಯ ತಂತ್ರಾಂಶ ವಿಂಡೋಸನ್ನೇ ಕೇಳುವುದಾದರೆ, ಅಲ್ಲಿಗೆ ವಿಂಡೋಸೇ ಸರಿ. ಉಳಿದವರು ಹಳೆಯ ಕಡತಗಳನ್ನು ಪರಿವರ್ತಕ ಬಳಸಿ ಯೂನಿಕೋಡಿಗೆ ಬದಲಾಯಿಸಿಕೊಳ್ಳುವುದು ಒಳ್ಳೆಯದು, ಮುಂದೆ ಯಾವ ಸಿಸ್ಟಮ್ ಬಂದರೂ ಆ ಬರಹ ಉಳಿಯುತ್ತದೆ.

ಇಷ್ಟು ಬಿಟ್ಟರೆ ಮನೆಯ ಬಹುಪಾಲು ಕೆಲಸ ನಡೆಯುವುದು ಬ್ರೌಸರಿನೊಳಗೆ. ‘ಭೂಮಿ’ ಜಾಲತಾಣದಲ್ಲಿ ಪಹಣಿ ನೋಡುವುದು, ಸೇವಾ ಸಿಂಧುವಿನಲ್ಲಿ ಅರ್ಜಿ ಹಾಕುವುದು, ಬ್ಯಾಂಕ್ ವ್ಯವಹಾರ, ಪಾಠದ ವಿಡಿಯೋ, ವಾಟ್ಸ್ಆ್ಯಪ್ ವೆಬ್ ಎಲ್ಲಕ್ಕೂ ಫೈರ್‌ಫಾಕ್ಸ್ ಅಥವಾ ಕ್ರೋಮ್ ಇದ್ದರೆ ಆಯಿತು. ಪತ್ರ, ಲೆಕ್ಕಪಟ್ಟಿಗೆ ಲಿಬ್ರೆಆಫೀಸ್ ಲಿನಕ್ಸ್ ಮಿಂಟ್ ಜೊತೆಯಲ್ಲೇ ಬರುತ್ತದೆ. ಬೆರಳಚ್ಚು ಓದುವ ಉಪಕರಣ, ಡಿಜಿಟಲ್ ಸಹಿಯ ಟೋಕನ್ ಬಳಸುವವರು ಮಾತ್ರ ಡ್ರೈವರ್ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಲಿನಕ್ಸ್ ಜಾಣರಿಗೆ ಮಾತ್ರ ಎಂಬ ಹಿಂಜರಿಕೆಗೆ ಉತ್ತರ ನಮ್ಮ ನೆರೆರಾಜ್ಯದಲ್ಲೇ ಇದೆ. ಕೇರಳ ತನ್ನ ಶಾಲೆಗಳ ಕಂಪ್ಯೂಟರ್ ಶಿಕ್ಷಣವನ್ನು ಬಹಳ ಹಿಂದೆಯೇ ಮುಕ್ತ ತಂತ್ರಾಂಶಕ್ಕೆ ತಿರುಗಿಸಿತು. ಅಲ್ಲಿನ ಐಟಿ@ಸ್ಕೂಲ್ ಯೋಜನೆ 2017ರಲ್ಲಿ ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟು ಆಧರಿಸಿ ಕೈಟ್ ಸಿದ್ಧಪಡಿಸಿದ ಲಿನಕ್ಸ್ ರಾಜ್ಯದ ಶಾಲೆಗಳಲ್ಲಿ ಬಳಕೆಯಲ್ಲಿದೆ. 2019ರಲ್ಲಿ ಅದರ ಹೊಸ ಆವೃತ್ತಿಯನ್ನು ಎರಡು ಲಕ್ಷಕ್ಕೂ ಹೆಚ್ಚು ಶಾಲಾ ಕಂಪ್ಯೂಟರುಗಳಿಗೆ ಹಾಕುವುದಾಗಿಯೂ ಇದರಿಂದ ಪರವಾನಗಿಯ 3,000 ಕೋಟಿ ರೂಪಾಯಿ ಉಳಿಯುವುದಾಗಿಯೂ ಸಂಸ್ಥೆ ಹೇಳಿತ್ತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಈ ವ್ಯವಸ್ಥೆಯಲ್ಲೇ ಕಂಪ್ಯೂಟರ್ ಕಲಿಯುತ್ತಾರೆ. ಹೈಸ್ಕೂಲ್ ಮಕ್ಕಳ ಕೈಗೆ ಒಗ್ಗಿದ್ದು ದೊಡ್ಡವರ ಕೈಗೂ ಒಗ್ಗುತ್ತದೆ.

ಕರೆಂಟ್ ಹೋಗಿಬರುವ ಊರುಗಳಲ್ಲಿ, ಬ್ಯಾಟರಿ ಸತ್ತ ಹಳೆಯ ಲ್ಯಾಪ್‌ಟಾಪ್ ನೇರ ಪ್ಲಗ್ಗಿನ ಮೇಲೆಯೇ ನಡೆಯುತ್ತಿದ್ದರೆ, ಕಡತಗಳ ಗತಿ ಏನೆಂಬ ಭಯ ಸಹಜ. ವಿಂಡೋಸ್‌ನ ಎನ್‌ಟಿಎಫ್‌ಎಸ್ ಮತ್ತು ಲಿನಕ್ಸ್‌ನ ಇಎಕ್ಸ್‌ಟಿ4 ಎರಡೂ ಜರ್ನಲ್ ಇಡುವ ಕಡತ ವ್ಯವಸ್ಥೆಗಳು. ಡಿಸ್ಕಿನ ವಿನ್ಯಾಸವನ್ನು ಬದಲಿಸುವ ಮೊದಲು ಏನು ಮಾಡಲಿದ್ದೇವೆ ಎಂಬುದನ್ನು ಅವು ಬೇರೆ ಕಡೆ ಬರೆದಿಡುತ್ತವೆ. ಅರ್ಧದಲ್ಲಿ ಕರೆಂಟ್ ಹೋದರೆ ಮುಂದಿನ ಸಲ ಆ ಟಿಪ್ಪಣಿ ಓದಿ ಕೆಲಸವನ್ನು ಪೂರ್ತಿ ಮಾಡುತ್ತವೆ, ಇಲ್ಲವೇ ಕೈಬಿಡುತ್ತವೆ. ಸೇವ್ ಮಾಡದ ಬರಹವನ್ನು ಇದು ಉಳಿಸುವುದಿಲ್ಲ, ಡಿಸ್ಕಿನ ವ್ಯವಸ್ಥೆಯನ್ನು ಮಾತ್ರ ಕಾಯುತ್ತದೆ. ಪೆನ್‌ಡ್ರೈವ್‌ಗಳಲ್ಲಿರುವ ಎಫ್‌ಎಟಿ32ಕ್ಕೆ ಈ ರಕ್ಷಣೆಯೂ ಇಲ್ಲ.

ಒಂದು ದಾರಿಯನ್ನಂತೂ ಬಿಡಲೇಬೇಕು: ಪರವಾನಗಿ ಇಲ್ಲದ ವಿಂಡೋಸನ್ನು ‘ಕ್ರ್ಯಾಕ್’ ಮಾಡಿ ಹಾಕಿಸಿಕೊಳ್ಳುವುದು. ಬೀಗ ಒಡೆಯುವ ಆ ತಂತ್ರಾಂಶಕ್ಕೆ ಯಂತ್ರದ ಪೂರ್ಣ ಅಧಿಕಾರ ಕೊಡಬೇಕಾಗುತ್ತದೆ. ಅದರೊಳಗೆ ಪಾಸ್‌ವರ್ಡ್ ಕದಿಯುವ ಕುತಂತ್ರಾಂಶ ಇದ್ದರೆ ತಡೆಯುವವರಿಲ್ಲ. ಬ್ಯಾಂಕ್ ವ್ಯವಹಾರ ಮಾಡುವ ಯಂತ್ರದಲ್ಲಿ ಇದು ಸಲ್ಲದು.

ಲಿನಕ್ಸನ್ನು ಹಾಕುವ ಮುನ್ನ ಪರೀಕ್ಷಿಸಿ ನೋಡಬಹುದು. ಲಿನಕ್ಸ್ ಮಿಂಟ್‌ನ ಸುಮಾರು 3 ಜಿಬಿಯ ಕಡತವನ್ನು 8 ಜಿಬಿ ಪೆನ್‌ಡ್ರೈವಿಗೆ ಬರೆದು ಅದರಿಂದಲೇ ಲ್ಯಾಪ್‌ಟಾಪ್ ಶುರುಮಾಡಿದರೆ, ಡಿಸ್ಕಿನಲ್ಲಿರುವುದನ್ನು ಮುಟ್ಟದೆ ಇಡೀ ಸಿಸ್ಟಮ್ ನಡೆಯುತ್ತದೆ. ವೈಫೈ, ಧ್ವನಿ, ಪ್ರಿಂಟರ್, ಕನ್ನಡ ಕೀಲಿಮಣೆ ನಾಲ್ಕೂ ಕೆಲಸ ಮಾಡಿದರೆ ಫೋಟೋ, ದಾಖಲೆಗಳ ಪ್ರತಿಯನ್ನು ಬೇರೆ ಡಿಸ್ಕಿಗೆ ತೆಗೆದಿಟ್ಟು ಆಮೇಲೆ ಹಾಕಿಕೊಳ್ಳಬೇಕು.

ಹೊಸ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಅದರೊಡನೆ ಬರುವ ಅಸಲಿ ವಿಂಡೋಸ್ 11 ಸಾಕು, 8 ಜಿಬಿ ಮೆಮೊರಿ ಮತ್ತು ಎಸ್‌ಎಸ್‌ಡಿ ಇರುವುದನ್ನೇ ಆರಿಸಬೇಕು. ವಿಂಡೋಸ್ 10ರಲ್ಲೇ ನಿಂತ ಹಳೆಯ ಯಂತ್ರಕ್ಕೆ, ವಿಂಡೋಸನ್ನೇ ಬೇಡುವ ಕೆಲಸ ಮನೆಯಲ್ಲಿ ಇಲ್ಲವಾದರೆ, ಲಿನಕ್ಸ್ ಮಿಂಟ್ ಸರಿಯಾದ ಆಯ್ಕೆ.