ವಾಗ್ಮಿಯೂ ವಾಚಾಳಿಯೂ

ಇಂಗ್ಲೀಷು ಕಲಿತ ನಮ್ಮ ತರುಣರು ಎಡೆಬಿಡದೆ ಮಾತನಾಡುವವನನ್ನು ‘ಚಾಟರ್‌ಬಾಕ್ಸ್’ ಎಂದು ಕರೆದು ನಗುವರು. ಇಂಥ ಸೊಗಸಾದ ಶಬ್ದವು ಕನ್ನಡದಲ್ಲಿ ಇಲ್ಲವೆಂಬ ಭಾವವೂ ಆ ನಗೆಯಲ್ಲಿ ಬೆರೆತಿರುವದು. ಆ ಶಬ್ದದ ಬಂಡವಾಳವನ್ನಾದರೂ ನೋಡೋಣ. ‘ಚಾಟರ್’ ಎಂಬುದು ಹಕ್ಕಿಗಳ ಕಲಕಲವನ್ನು ಅನುಕರಿಸಿ ಹುಟ್ಟಿದ ಧ್ವನಿ. ‘ಬಾಕ್ಸ್’ ಎಂದರೆ ಪೆಟ್ಟಿಗೆ. 18ನೆಯ ಶತಮಾನದ ಉತ್ತರಾರ್ಧದ ಹೊತ್ತಿಗೆ ಇವೆರಡೂ ಕೂಡಿ ಮನುಷ್ಯನಿಗೆ ಹೆಸರಾದವು. ಧ್ವನಿಯಿಂದ ಹುಟ್ಟಿದ ಇಂಥ ಶಬ್ದಗಳಿಗೆ ನಮ್ಮಲ್ಲಿ ಬರವೇ? ಕಪ್ಪೆಯ ದನಿಯಿಂದ ‘ವಟಗುಟ್ಟು’ವದು ಬಂದಿತು, ‘ಬಡಬಡಿಸು’ವದೂ ಇದೆ, ಬಾಯಿಯನ್ನೇ ಬಡಿಯುವ ‘ಬಾಯಿಬಡುಕ’ನಂತೂ ಓಣಿಗೊಬ್ಬನಿದ್ದಾನೆ. ‘ಬಡಾಯಿ’ಯನ್ನು ಮಾತ್ರ ಉತ್ತರದವರಿಂದ ಕಡ ತಂದೆವು, ಅದನ್ನು ತಿರುಗಿ ಕೊಡುವ ಲಕ್ಷಣವು ಕಾಣದು.

‘ವಾಚಾಳಿ’ಯ ಕುಲವು ಇವೆಲ್ಲವುಗಳಿಗಿಂತ ಬೇರೆ. ಪಾಣಿನಿಯು ಅಷ್ಟಾಧ್ಯಾಯಿಯ 5ನೆಯ ಅಧ್ಯಾಯದ 2ನೆಯ ಪಾದದಲ್ಲಿ, 124ನೆಯ ಸೂತ್ರದಿಂದ ‘ವಾಕ್’ ಶಬ್ದಕ್ಕೆ ಒಂದು ಪ್ರತ್ಯಯವನ್ನು ಹಚ್ಚಿ ‘ವಾಗ್ಮಿ’ಯನ್ನು ಸಾಧಿಸಿದನು. ಮರುಸೂತ್ರದಲ್ಲಿಯೇ ಬಹಳ ಮಾತನಾಡುವವನೆಂಬ ಅರ್ಥದಲ್ಲಿ ಅದೇ ‘ವಾಕ್’ ಶಬ್ದಕ್ಕೆ ಬೇರೆ ಪ್ರತ್ಯಯಗಳನ್ನು ಹಚ್ಚಿ ‘ವಾಚಾಲ’, ‘ವಾಚಾಟ’ ಎಂಬ ರೂಪಗಳನ್ನು ಕೊಟ್ಟನು. ಈ ‘ವಾಚಾಲ’ನೇ ನಮ್ಮ ವಾಚಾಳಿ. ವ್ಯಾಖ್ಯಾನಕಾರರು ಇಷ್ಟಕ್ಕೇ ಬಿಡಲಿಲ್ಲ. ನಿಂದೆಗೆ ತಕ್ಕಂತೆ ಬಹಳ ಆಡುವವನು ಮಾತ್ರ ವಾಚಾಲನು. ಬಹಳ ಆಡಿದರೂ ಚೆನ್ನಾಗಿ ಆಡುವವನು ವಾಗ್ಮಿಯೇ ಎಂದು ಗೆರೆ ಕೊರೆದರು. ಮಾತಿನ ಅಳತೆಯಿಂದಲ್ಲ, ಅದರ ಯೋಗ್ಯತೆಯಿಂದ ಮನುಷ್ಯನನ್ನು ವಿಂಗಡಿಸಿದ ಈ ಸೂಕ್ಷ್ಮತೆಯು ಪೆಟ್ಟಿಗೆಯಲ್ಲಿ ಎಲ್ಲಿ ದೊರೆಯಬೇಕು?

ನಮ್ಮ ನೆರೆಯ ಮಸ್ಕಿಯ ಬಂಡೆಯ ಮೇಲೆ ಅಶೋಕನ ಹೆಸರು 1915ರಲ್ಲಿ ಬೆಳಕಿಗೆ ಬಂದುದು ವಾಚಕರಿಗೆ ವಿದಿತವೇ ಇದೆ. ಅದೇ ಸಾಮ್ರಾಟನು ತನ್ನ 12ನೆಯ ಶಾಸನದಲ್ಲಿ, ಸ್ವಮತವನ್ನು ಹೊಗಳುವಾಗಲೂ ಪರಮತವನ್ನು ಹಳಿಯುವಾಗಲೂ ನಾಲಗೆಗೆ ಹಿಡಿತವಿರಲೆಂದು ಪ್ರಜೆಗಳಿಗೆ ಹೇಳಿದನು. ಅದರ ಒಂದು ಪ್ರತಿಯ ಭಾಗವು ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ ದೊರೆತಿದೆ.

ಇಷ್ಟೆಲ್ಲ ಹೇಳಲು ಕಾರಣವುಂಟು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೆಯ ಗೇಟು ಕೊಚ್ಚಿಹೋದಾಗ ಎಡದಂಡೆ ಕಾಲುವೆಯನ್ನೇ ನಂಬಿದ ಸಿಂಧನೂರಿನ ಭತ್ತದ ರೈತನು ಕೇಳಬಯಸಿದುದು ಒಂದೇ ಮಾತು: ಗದ್ದೆಗೆ ನೀರು ಎಷ್ಟು ದಿನ ಬಂದೀತು? ತಾರೀಖು ಹೇಳಿ ಕುಳಿತುಕೊಳ್ಳುವ ಅಧಿಕಾರಿಯು ಎರಡೇ ವಾಕ್ಯ ಆಡಿದರೂ ವಾಗ್ಮಿಯೇ. ತಾರೀಖೊಂದನ್ನು ಬಿಟ್ಟು ಮಿಕ್ಕುದೆಲ್ಲವನ್ನೂ ಹೇಳುವವರಿಗೆ ಯಾವ ಪ್ರತ್ಯಯವೆಂಬುದನ್ನು ರೈತನು ವ್ಯಾಕರಣವಿಲ್ಲದೆಯೇ ಬಲ್ಲನು. ನಮ್ಮ ಸಭೆಗಳ ಆಮಂತ್ರಣಪತ್ರಿಕೆಗಳಲ್ಲಿ ಮಾತ್ರ ಎಲ್ಲ ಹೆಸರುಗಳ ಹಿಂದೆಯೂ ‘ಖ್ಯಾತ ವಾಗ್ಮಿಗಳು’ ಎಂದೇ ಅಚ್ಚಾಗಿರುವದು; ಭಾಷಣವಾಗುವ ಮೊದಲೇ ಅದು ಹೇಗೆ ತಿಳಿಯಿತೋ!