ವೈಶಾಖದ ಪೆಟ್ಟು, ಸಂಕ್ರಾಂತಿಯ ಫಜೀತಿ

ಸಂಕ್ರಾಂತಿಯ ನಸುಕಿನಲ್ಲಿ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ಮನೆಮಂದಿಯೆಲ್ಲ ಸಜ್ಜಾಗಿರುತ್ತಾರೆ. ಕೀಲಿ ತಿರುಗಿಸಿದರೆ ಕಾರು ‘ಕಟ್ ಕಟ್’ ಎಂದು ಸುಮ್ಮನಾಗುತ್ತದೆ. ‘ನಿನ್ನಿ ಚೊಲೋ ಇತ್ತಲ್ಲ, ಬ್ಯಾಟ್ರಿ ಈಗ್ಯಾಕ ಡೌನ್ ಆತು?’ ಎಂದು ಎಲ್ಲರೂ ಚಳಿಯನ್ನು ದೂರುತ್ತಾರೆ. ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಆ ಬ್ಯಾಟರಿಗೆ ಪೆಟ್ಟು ಬಿದ್ದದ್ದು ಹಿಂದಿನ ಬೇಸಿಗೆಯಲ್ಲಿ.

1859ರಲ್ಲಿ ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ ಕಟ್ಟಿದ ಸೀಸ ಮತ್ತು ಗಂಧಕಾಮ್ಲದ ಜೋಡಿಯೇ ಇವತ್ತಿಗೂ ಬಾನೆಟ್ಟಿನ ಕೆಳಗಿದೆ. ಆರು ಸೆಲ್ಲು, ಪೂರ್ತಿ ಚಾರ್ಜಾದಾಗ ಸುಮಾರು 12.6 ವೋಲ್ಟ್. ಇಲ್ಲಿ ಮೇ ತಿಂಗಳ ಬಿಸಿಲು 42 ಡಿಗ್ರಿ ದಾಟಿದರೆ, ಬಾನೆಟ್ಟಿನೊಳಗಿನ ಕಾವು ಅದಕ್ಕಿಂತ ಬಹಳ ಹೆಚ್ಚು. ಬ್ಯಾಟರಿ ನೀರು ಆರುತ್ತದೆ, ಒಳಗಿನ ಸೀಸದ ಜಾಲರಿ ಸವೆಯುತ್ತದೆ. ಕಾವು ಹತ್ತು ಡಿಗ್ರಿ ಏರಿದರೆ ನಿಂತಲ್ಲೇ ಸೋರುವ ಚಾರ್ಜು ಹೆಚ್ಚುಕಡಿಮೆ ದುಪ್ಪಟ್ಟು. ಬಿಸಿ ಎಂಜಿನ್ ಸುಲಭವಾಗಿ ತಿರುಗುವುದರಿಂದ ಆಗ ಈ ನಷ್ಟ ಗೊತ್ತಾಗುವುದಿಲ್ಲ. ತಂಪಿಗೆ ಎಣ್ಣೆ ಗಟ್ಟಿಯಾದಾಗ ಎಂಜಿನ್ ತಿರುಗಿಸುವ ಸೆಲ್ಫ್‌ಗೆ ಹೆಚ್ಚು ಬಲ ಬೇಕು. ಸೊರಗಿದ ಬ್ಯಾಟರಿ ಅಲ್ಲಿ ಸೋಲುತ್ತದೆ.

ಮನೆಯಿಂದ ಬಜಾರು, ಬಜಾರಿನಿಂದ ಸ್ಟೇಷನ್ ಎಂದು ಬರೀ ಗಿಡ್ಡ ಓಡಾಟವಾದರೂ ಕೇಡೇ. ಸೆಲ್ಫ್ ಎಳೆದುಕೊಂಡದ್ದನ್ನು ಆಲ್ಟರ್ನೇಟರ್ ತಿರುಗಿ ತುಂಬುವಷ್ಟರಲ್ಲಿ ಗಾಡಿ ಬಂದ್ ಆಗಿರುತ್ತದೆ. ಅರೆಚಾರ್ಜಿನಲ್ಲಿ ವಾರಗಟ್ಟಲೆ ನಿಂತರೆ ಪ್ಲೇಟುಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ ಕೂರುತ್ತದೆ. ಆಮೇಲೆ ಎಷ್ಟು ಚಾರ್ಜಿಗಿಟ್ಟರೂ ಅದು ಪೂರ್ತಿ ಕರಗದು.

1912ರಲ್ಲಿ ಕ್ಯಾಡಿಲ್ಯಾಕ್ ಕಾರಿಗೆ ಚಾರ್ಲ್ಸ್ ಕೆಟರಿಂಗ್ ರೂಪಿಸಿದ ಸೆಲ್ಫ್ ಬಂತು. ಹ್ಯಾಂಡಲ್ ತಿರುಗಿಸಿ ಕೈ ಮುರಿದುಕೊಳ್ಳುವ ಕಾಲ ಮುಗಿಯತೊಡಗಿತು. ನಮ್ಮ ಜೀಪು, ಅಂಬಾಸಡರ್‌ಗಳಲ್ಲಿ ಹ್ಯಾಂಡಲ್ ಬಹುಕಾಲ ಉಳಿದಿತ್ತು. ಈಗಿನ ಕಾರಿಗೆ ಆ ಆಸರೆಯಿಲ್ಲ. ಗೇರಿನ ಗಾಡಿಯಾದರೆ ನಾಲ್ಕು ಜನ ತಳ್ಳಬಹುದು; ಆಟೊಮ್ಯಾಟಿಕ್ ಆದರೆ ಅದೂ ಇಲ್ಲ. ಇನ್ನೊಂದು ಗಾಡಿಯ ಬ್ಯಾಟರಿಗೆ ಜೋಡಿಸುವ ಜಂಪರ್ ಕೇಬಲ್ಲನ್ನು ಅವಸರದಲ್ಲಿ ಉಲ್ಟಾ ಹಾಕಿದರೆ ಕಾರಿನ ಎಲೆಕ್ಟ್ರಾನಿಕ್ಸೇ ಸುಟ್ಟೀತು. ಕಪ್ಪು ಕೇಬಲ್ಲಿನ ಕೊನೆಯ ತುದಿಯನ್ನು ಡೌನ್ ಆದ ಬ್ಯಾಟರಿಗೆ ಕಚ್ಚಿಸದೆ, ದೂರದ ಎಂಜಿನ್ ಲೋಹಕ್ಕೆ ಹಿಡಿಸಬೇಕು. ಬ್ಯಾಟರಿಯಿಂದ ಹೊರಬರುವ ಹೈಡ್ರೋಜನ್‌ಗೆ ಒಂದು ಕಿಡಿ ಸಾಕು.

ಬಿಸಿಲು ಇಳಿದ ಕೂಡಲೇ, ಜೂನ್‌ನಲ್ಲೇ ಒಮ್ಮೆ ಬಾನೆಟ್ ಎತ್ತಿಸಿ. ಟರ್ಮಿನಲ್ ಮೇಲೆ ಕೂತ ಬಿಳಿ-ಹಸಿರು ಪುಡಿಯನ್ನು ತೆಗೆಸಿ, ರಾತ್ರಿ ನಿಂತ ಗಾಡಿಯ ವೋಲ್ಟ್ ನೋಡಿಸಿ. 12.4ಕ್ಕಿಂತ ಕೆಳಗಿದ್ದರೆ ಚಾರ್ಜಿಗೆ ಹಾಕಿಸಿ. ಸತ್ತ ಬ್ಯಾಟರಿಯನ್ನು ಹಿತ್ತಲಲ್ಲಿ ಒಡೆಯಬೇಡಿ, ಒಡೆಯುವವರಿಗೆ ಮಾರಲೂಬೇಡಿ. ಆ ಸೀಸ ಮಕ್ಕಳ ಮಿದುಳನ್ನು ಕೆಡಿಸುತ್ತದೆ. ಹೊಸದನ್ನು ಕೊಂಡ ಅಂಗಡಿಗೇ ಹಳೆಯದನ್ನು ಒಪ್ಪಿಸಿ.