ಮನೆಯೊಳಗಿನ ಕೊಟ್ಟಿಗೆಯ ನಾತ ಹೋಗಲಾಡಿಸುವುದು ಹೇಗೆ?



ನಮ್ಮ ಸೀಮೆಯ ಅನೇಕ ಹಳೆಯ ಮನೆಗಳಲ್ಲಿ ತಲೆಬಾಗಿಲು ದಾಟಿದರೆ ಒಂದು ಕಡೆ ಗೋದಲಿ, ಇನ್ನೊಂದು ಕಡೆ ಜನ ಮಲಗುವ ಜಗಲಿ. ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರು 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದನ್ನು ಅಧ್ಯಯನ ಮಾಡಲು ಬಂದಾಗ ಅವರಿಗೆ ಸಿಕ್ಕಿದ ಬಿಡಾರವೂ ಎತ್ತು ಕಟ್ಟುವ ಮನೆಯೇ.

ಒಳಗೆ ಕಟ್ಟುವುದಕ್ಕೆ ಕಾರಣವಿದೆ. ಒಂದು ಜೊತೆ ಹಳ್ಳಿಕಾರ್ ಎತ್ತು ಸಂಸಾರದ ಆಸ್ತಿ. ಹೊರಗೆ ಕಟ್ಟಿದರೆ ಕಳ್ಳರ ಭಯ. ಆದಿಚುಂಚನಗಿರಿಯಂತಹ ಬೆಟ್ಟಗುಡ್ಡಗಳ ಸುತ್ತಿನಲ್ಲಿ ಚಿರತೆಯ ಭಯ. ಆದ್ದರಿಂದ “ದನ ಹೊರಗೆ ಕಟ್ಟಿ” ಎಂದಷ್ಟೇ ಹೇಳಿದರೆ ಸಾಲದು. ಒಳಗೇ ಕಟ್ಟಬೇಕಾದವರು ಏನು ಮಾಡಬೇಕೆಂಬುದನ್ನು ಇಲ್ಲಿ ತಿಳಿಸಿದೆ.

ನಾತ ಎಲ್ಲಿಂದ ಬರುತ್ತದೆ?

ಆಗತಾನೇ ಹಾಕಿದ ಸಗಣಿಯೂ ಆಗತಾನೇ ಹೊಯ್ದ ಗಂಜಲವೂ ಅಷ್ಟಾಗಿ ನಾರುವುದಿಲ್ಲ. ಗಂಜಲದಲ್ಲಿ ಯೂರಿಯಾ ಇದೆ. ನೀವು ಅಂಗಡಿಯಲ್ಲಿ ಮೂಟೆಗಟ್ಟಲೆ ಕೊಳ್ಳುವ ಯೂರಿಯಾವೂ ಇದೇ ವಸ್ತು. ಅದರಲ್ಲಿ ನೂರಕ್ಕೆ 46 ಪಾಲು ಸಾರಜನಕ. ಗಂಜಲ ಸಗಣಿಯೊಡನೆ ಬೆರೆತು ನಿಂತಾಗ ಸೂಕ್ಷ್ಮಜೀವಿಗಳು ಈ ಯೂರಿಯಾವನ್ನು ಒಡೆದು ಅಮೋನಿಯಾ ಎಂಬ ಅನಿಲ ಮಾಡುತ್ತವೆ. ಬೆಳಗಿನ ಜಾವ ಬಾಗಿಲು ತೆರೆದಾಗ ಮೂಗಿಗೆ ಬಡಿದು ಕಣ್ಣುರಿಸುವುದು ಇದೇ. ಅದೇ ಕೋಣೆಯಲ್ಲಿ ಮಲಗುವ ಮಕ್ಕಳಿಗೂ ಮುದುಕರಿಗೂ ಇದರಿಂದ ಕೆಮ್ಮು ಹೆಚ್ಚುತ್ತದೆ; ಕರುಗಳ ಶ್ವಾಸಕ್ಕೂ ಕೇಡು.

ಹಾಗಾದರೆ ನಾತವೆಂದರೆ ಏನು? ನಿಮ್ಮ ಗೊಬ್ಬರದ ಸಾರ ಗಾಳಿಪಾಲಾಗುತ್ತಿದೆ ಎಂಬ ಸೂಚನೆ. ನಾತ ತಡೆದರೆ ಮನೆಯೂ ಹಸನು, ಹೊಲಕ್ಕೂ ಲಾಭ.

ಮಾಡಬಾರದ್ದು

ಗಂಜಲದ ಮೇಲೆ ಒಲೆಯ ಬೂದಿ ಎರಚುವುದು ವಾಡಿಕೆ. ಬೂದಿ ತೇವ ಹೀರುತ್ತದೆ ನಿಜ. ಆದರೆ ಅದರ ಕ್ಷಾರಗುಣದಿಂದ ಅಮೋನಿಯಾ ಇನ್ನೂ ಬೇಗ ಮೇಲೇಳುತ್ತದೆ. ಸುಣ್ಣವೂ ಹಾಗೆಯೇ. ಸುಣ್ಣವನ್ನು ಗೋಡೆಗೆ ಬಳಿಯಿರಿ, ಗಂಜಲಕ್ಕೆ ಹಾಕಬೇಡಿ. ಬ್ಲೀಚಿಂಗ್ ಪುಡಿಯನ್ನಂತೂ ಗಂಜಲದ ಮೇಲೆ ಎರಚಲೇಬೇಡಿ; ಎರಡೂ ಕೂಡಿದರೆ ವಿಷಗಾಳಿ ಹುಟ್ಟುತ್ತದೆ. ಸಾಂಬ್ರಾಣಿ, ಬೇವಿನ ಹೊಗೆ, ಫಿನಾಯಿಲು ಇವು ನಾತವನ್ನು ಮುಚ್ಚುತ್ತವೆ, ಕಳೆಯುವುದಿಲ್ಲ. ಇಳಿಜಾರಿಲ್ಲದ ನೆಲಕ್ಕೆ ಕೊಡಗಟ್ಟಲೆ ನೀರು ಸುರಿದರೂ ಕೆಸರೇ ಹೆಚ್ಚುತ್ತದೆ.

ಮಾಡಬೇಕಾದ್ದು

ಮೊದಲನೆಯದು, ಗಂಜಲ ನಿಲ್ಲದಂತೆ ನೋಡುವುದು. ಗೋದಲಿಯ ಕಡೆಯಿಂದ ದನದ ಹಿಂಗಾಲಿನ ಕಡೆಗೆ ಐದು ಅಡಿಗೆ ಒಂದರಿಂದ ಒಂದೂವರೆ ಅಂಗುಲ ಇಳಿಜಾರು ಇರಲಿ. ಹಿಂದೆ ಒಂದು ಸಣ್ಣ ಕಾಲುವೆ ಮಾಡಿ, ಗೋಡೆಯಾಚೆ ಹೂತ ಗುಡಾಣಕ್ಕೆ ಗಂಜಲ ಬೀಳುವಂತೆ ಮಾಡಿ. ಗುಡಾಣಕ್ಕೆ ಮುಚ್ಚಳವಿರಲಿ. ತುಂಬಿದ್ದನ್ನು ಗೊಬ್ಬರದ ಗುಂಡಿಗೆ ಹೊಯ್ಯಿರಿ.

ಎರಡನೆಯದು, ಹೀರುವ ಹಾಸು. ಸಂಜೆ ದನ ಕಟ್ಟುವ ಮೊದಲು ಒಣಮಣ್ಣು, ಅದರ ಮೇಲೆ ತಿಂದು ಉಳಿದ ರಾಗಿಹುಲ್ಲು, ಕಬ್ಬಿನ ತರಗು ಅಥವಾ ಭತ್ತದ ಹೊಟ್ಟು ಹರಡಿ. ಬೆಳಿಗ್ಗೆ ಒದ್ದೆಯಾದಷ್ಟನ್ನೂ ಬಾಚಿ ಗುಂಡಿಗೆ ಹಾಕಿ ಮೇಲೆ ಮಣ್ಣು ಮುಚ್ಚಿ. ಮಳೆಗಾಲಕ್ಕೆಂದು ಬೇಸಿಗೆಯಲ್ಲೇ ಒಂದು ಗಾಡಿ ಒಣಮಣ್ಣನ್ನು ಸೂರಿನಡಿ ಕೂಡಿಟ್ಟುಕೊಳ್ಳಿ.

ಮೂರನೆಯದು, ಹಳೆಯ ನೆಲ. ವರ್ಷಗಟ್ಟಲೆ ಗಂಜಲ ಕುಡಿದ ಮಣ್ಣಿನ ನೆಲ ಎಷ್ಟು ಗುಡಿಸಿದರೂ ನಾರುತ್ತದೆ. ಅದನ್ನು ಅರ್ಧ ಅಡಿ ಅಗೆದು ತೆಗೆದು ಹೊಸ ಮಣ್ಣು ತುಂಬಿ ದಿಮ್ಮಸು ಹೊಡೆಯಿರಿ. ಅಗೆದ ಮಣ್ಣನ್ನು ಬೀದಿಗೆ ಚೆಲ್ಲಬೇಡಿ. ಹೊಲಕ್ಕೆ ಅದು ಒಳ್ಳೆಯ ಗೊಬ್ಬರ.

ನಾಲ್ಕನೆಯದು, ಗಾಳಿ. ಅಮೋನಿಯಾ ಗಾಳಿಗಿಂತ ಹಗುರ, ಮೇಲಕ್ಕೇರುತ್ತದೆ. ಸೂರಿನ ಕೆಳಗೆ ಎದುರುಬದುರಾಗಿ ಎರಡು ಗವಾಕ್ಷಿಗಳನ್ನು ಬಿಡಿ. ಚಿರತೆ, ಕಳ್ಳರ ಭಯವಿದ್ದರೆ ಕಬ್ಬಿಣದ ಸರಳು ಹಾಕಿಸಿ. ಭಯಪಟ್ಟು ಗಾಳಿಯನ್ನೇ ಮುಚ್ಚಬೇಡಿ. ಹಗಲು ದನ ಹೊರಗೆ ಹೋದಾಗ ಬಾಗಿಲು ತೆರೆದಿರಲಿ.

ಆಡು, ಕೋಳಿ ಇದ್ದರೆ

ಹೋತದ ನಾತಕ್ಕೆ ಅದರ ಕೊಂಬಿನ ಬುಡದ ಗ್ರಂಥಿಗಳೂ, ತನ್ನ ಗಡ್ಡಕ್ಕೆ ತಾನೇ ಉಚ್ಚೆ ಹಾರಿಸಿಕೊಳ್ಳುವ ಅಭ್ಯಾಸವೂ ಕಾರಣ. ನೆಲ ತೊಳೆದರೆ ಅದು ಹೋಗದು. ಹೋತವನ್ನು ಬೇರೆ, ಭದ್ರವಾದ ದೊಡ್ಡಿಯಲ್ಲಿ ಕೂಡಿ. ಹಾಲು ಕರೆಯುವ ಜಾಗದಿಂದ ದೂರವಿರಲಿ, ಹಾಲಿಗೂ ಆ ವಾಸನೆ ಹಿಡಿದೀತು. ಕೋಳಿಯ ಹಿಕ್ಕೆ ಒಣಗಿದ್ದರೆ ನಾತ ಕಡಿಮೆ, ನೆನೆದರೆ ಹೆಚ್ಚು. ಆದ್ದರಿಂದ ಗೂಡಿನಡಿ ಭತ್ತದ ಹೊಟ್ಟು ಹಾಕಿ, ನೀರಿನ ಬಟ್ಟಲು ಹೊರಗಿಡಿ.

ಈ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಬೇಕಾದುದು ಹಣವಲ್ಲ, ದಿನಕ್ಕೆ ಅರ್ಧ ಗಂಟೆಯ ದುಡಿಮೆ. ಆ ದುಡಿಮೆ ಮನೆಯ ಹೆಂಗಸರ ಪಾಲಿಗೇ ಬೀಳದಿರಲಿ. ಎತ್ತು ಹೂಡುವ ಕೈಯೇ ಅದರ ಕೆಳಗಿನ ಹಾಸನ್ನೂ ಬಾಚಲಿ. ಸ್ಥಿತಿವಂತರು ಬೇರೆ ಕೊಟ್ಟಿಗೆ ಕಟ್ಟುವುದೇ ಮೇಲು. ಅದಕ್ಕೆ ನೆರವು ಸಿಗುವುದೇ ಎಂದು ಗ್ರಾಮ ಪಂಚಾಯತಿಯಲ್ಲಿ ವಿಚಾರಿಸಿ. ಅಲ್ಲಿಯವರೆಗೆ ಈ ಸಂಜೆಯೇ ಎರಡು ಮಂಕರಿ ಒಣಮಣ್ಣು ತಂದು ಹರಡಿ ನೋಡಿ. ನಾಳೆ ಬೆಳಿಗ್ಗೆ ಬಾಗಿಲು ತೆರೆದಾಗ ವ್ಯತ್ಯಾಸ ನಿಮಗೇ ತಿಳಿಯುತ್ತದೆ.